ಪದಚರ್ಚೆ: ‘ಬೂಟ್ ಆಗಲಿಲ್ಲ’ ಎನ್ನುವಾಗ ಯಾವ ಹಂತಕ್ಕೆ ಯಾವ ಕ್ರಿಯಾಪದ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಸಿದ್ಧವಾಗಿ ಸಿಗುವ ಲಿನಕ್ಸನ್ನು ಹಾಕಿಕೊಳ್ಳದೆ, ಒಂದೊಂದು ಭಾಗದ ಸೋರ್ಸ್ ಕೋಡನ್ನೂ ತಾವೇ ತಂದು, ಕಂಪೈಲ್ ಮಾಡಿ, ಇಡೀ ಕಾರ್ಯಾಚರಣಾ ವ್ಯವಸ್ಥೆಯನ್ನು ಕೈಯಾರೆ ಕಟ್ಟಿಕೊಳ್ಳುವವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಗೆರಾರ್ಡ್ ಬೀಕ್‌ಮನ್ಸ್ 1999ರಲ್ಲಿ ಆರಂಭಿಸಿದ ‘ಲಿನಕ್ಸ್ ಫ್ರಮ್ ಸ್ಕ್ರ್ಯಾಚ್’ ಯೋಜನೆಯ ದಾರಿ ಹಿಡಿದವರು ಇದರ ಓದುಗರು. ಕಟ್ಟುವ ಅಧ್ಯಾಯಗಳು ಅಷ್ಟೇನೂ ತೊಂದರೆ ಕೊಡಲಿಲ್ಲ. ಆಜ್ಞೆಯನ್ನು ಬರೆದು, ಅದು ಮಾಡುವ ಕೆಲಸವನ್ನು ವಿವರಿಸಿದರೆ ಸಾಕಾಗುತ್ತಿತ್ತು. ಪದಗಳು ಕೈಕೊಡುತ್ತಿರುವುದು ಕೊನೆಯ ಅಧ್ಯಾಯದಲ್ಲಿ. ಎಲ್ಲವನ್ನೂ ಕಟ್ಟಿ ಮುಗಿಸಿ ಯಂತ್ರವನ್ನು ಮತ್ತೆ ಚಾಲೂ ಮಾಡಿದಾಗ ಅದು ಅರ್ಧದಾರಿಯಲ್ಲಿ ನಿಂತರೆ ಏನು ನೋಡಬೇಕು ಎಂಬುದು ಆ ಅಧ್ಯಾಯದ ವಿಷಯ.

‘ಶುರುವಾಗಲಿಲ್ಲ’, ‘ಆನ್ ಆಗಲಿಲ್ಲ’, ‘ಚಾಲೂ ಆಗಲಿಲ್ಲ’ ಎಂದು ನಾವು ಹೇಳುವ ಒಂದೇ ಮಾತಿನೊಳಗೆ ನಾಲ್ಕು ಬೇರೆ ಬೇರೆ ಸೋಲುಗಳು ಅಡಗಿವೆ. ಮದರ್‌ಬೋರ್ಡಿನಲ್ಲೇ ಇರುವ ಫರ್ಮ್‌ವೇರ್ ಎಂಬ ತಂತ್ರಾಂಶಕ್ಕೆ, ಕರ್ನಲನ್ನು ಚಾಲೂ ಮಾಡುವ ಬೂಟ್‌ಲೋಡರ್ ಸಿಗದಿರಬಹುದು. ಬೂಟ್‌ಲೋಡರ್‌ಗೆ ವ್ಯವಸ್ಥೆಯ ತಿರುಳಾದ ಕರ್ನಲ್ ಸಿಗದಿರಬಹುದು. ಕರ್ನಲ್‌ಗೆ, ಉಳಿದೆಲ್ಲ ಕಡತಗಳಿಗೆ ಬುಡವಾದ ರೂಟ್ ಕಡತ ವ್ಯವಸ್ಥೆ ಸಿಗದಿರಬಹುದು. ಅದೂ ಸಿಕ್ಕಿ, ಇನಿಟ್ ಎಂಬ ಮೊದಲ ಪ್ರಕ್ರಿಯೆ ನಡೆಯದೆ ಹೋಗಬಹುದು. ಒಂದೊಂದಕ್ಕೂ ಮದ್ದು ಬೇರೆ. ಗ್ರಬ್ ಎಂಬ ಬೂಟ್‌ಲೋಡರ್‌ನ ತಪ್ಪಿಗೆ ಕರ್ನಲನ್ನು ಮತ್ತೆ ಕಂಪೈಲ್ ಮಾಡಲು ಕುಳಿತರೆ ಹೊತ್ತೆಲ್ಲ ವ್ಯರ್ಥ. ಎಲ್ಲಿ ನಿಂತಿತು ಎಂದು ಗುರುತಿಸುವುದೇ ದುರಸ್ತಿಯ ಮುಕ್ಕಾಲು ಪಾಲು. ಹಾಗಾಗಿ ಹಂತಹಂತಕ್ಕೂ ಬೇರೆ ಕ್ರಿಯಾಪದ ಇರಬೇಕು, ಕೈಪಿಡಿಯ ಉದ್ದಕ್ಕೂ ಆಯಾ ಹಂತಕ್ಕೆ ಅದೇ ಬಳಕೆಯಾಗಬೇಕು ಎಂಬುದು ನನ್ನ ಹಟ.

ಮೊದಲಿಗೆ ‘ಬೂಟ್’. ಇದು ಇಂಗ್ಲಿಷಿನ ‘ಬೂಟ್‌ಸ್ಟ್ರ್ಯಾಪ್’ ಎಂಬುದರ ಮೊಟಕು ರೂಪ. ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದೆಳೆದು ಮೇಲೇಳುವುದು ಎಂಬ ನುಡಿಗಟ್ಟಿನಿಂದ 1950ರ ದಶಕದಲ್ಲಿ ಕಂಪ್ಯೂಟರಿಗೆ ಬಂದದ್ದು. ಹಳೆಯ ಮಾದರಿಯ ಡಿಸ್ಕಿನಲ್ಲಿ ಇದನ್ನು ಕಣ್ಣಾರೆ ಕಾಣಬಹುದು: ಮೊದಲ ಸೆಕ್ಟರಿನ 512 ಬೈಟುಗಳಲ್ಲಿ ಕೋಡಿಗೆ ಸಿಗುವ ಜಾಗ 446 ಬೈಟು ಮಾತ್ರ. ಆ ಚೂರು ಕೋಡು ತನಗಿಂತ ದೊಡ್ಡದನ್ನು ಎಳೆದುಕೊಳ್ಳುತ್ತದೆ, ಅದು ಇನ್ನೂ ದೊಡ್ಡದನ್ನು. ಕನ್ನಡದ ‘ಏಳು, ಎಬ್ಬಿಸು’ ಜೋಡಿ ಇದಕ್ಕೆ ಸೊಗಸಾಗಿ ಒಪ್ಪುತ್ತದೆ. ಯಂತ್ರ ಏಳುತ್ತದೆ, ಬೂಟ್‌ಲೋಡರ್ ಕರ್ನಲನ್ನು ಎಬ್ಬಿಸುತ್ತದೆ. ಅಕರ್ಮಕ, ಸಕರ್ಮಕ ಎರಡೂ ಒಂದೇ ಬೇರಿನಿಂದ ಸಿಗುವುದು ದೊಡ್ಡ ಅನುಕೂಲ. ಆದರೆ ಲ್ಯಾಪ್‌ಟಾಪಿನ ಮುಚ್ಚಳ ತೆರೆದಾಗ ನಿದ್ರೆಯಿಂದ ಮರಳುವುದಕ್ಕೂ ನಾವು ‘ಏಳು’ ಎನ್ನುತ್ತೇವೆ, ಅಲ್ಲಿ ಈ ಯಾವ ಹಂತವೂ ನಡೆಯುವುದಿಲ್ಲ. ಹೀಗಾಗಿ ಒಟ್ಟು ಕ್ರಿಯೆಗೆ ‘ಬೂಟ್ ಆಗು, ಬೂಟ್ ಮಾಡು’ ಎಂದೇ ಉಳಿಸಿಕೊಂಡಿದ್ದೇನೆ. ರಿಪೇರಿ ಅಂಗಡಿಯಿಂದ ಕಾಲೇಜಿನ ಪ್ರಯೋಗಾಲಯದವರೆಗೆ ಎಲ್ಲರ ಬಾಯಲ್ಲೂ ಇರುವ ಪದ ಅದು. ಇದಕ್ಕಿಂತ ಒಳ್ಳೆಯದು ನಿಮ್ಮಲ್ಲಿದ್ದರೆ ಕೇಳಲು ಕಾತರನಾಗಿದ್ದೇನೆ.

‘ಲೋಡ್’ ಎನ್ನುವುದಕ್ಕೆ ‘ಹೇರು’ ಎಂದು ಬರೆದು ನೋಡಿದೆ. ಗಾಡಿಗೆ ಮೂಟೆ ಹೇರುವುದು ಎಂಬ ಹಳೆಯ ಅರ್ಥ ಸರಿಯಾಗಿಯೇ ಹೊಂದುತ್ತದೆ. ಆದರೆ ಇಂದು ಪತ್ರಿಕೆ ಓದುವವರಿಗೆ ಹೇರು ಎಂದರೆ ತೆರಿಗೆ ಹೇರುವುದು, ದಂಡ ಹೇರುವುದು, ಭಾಷೆ ಹೇರುವುದು. ಒಲ್ಲದವರ ಮೇಲಿನ ಒತ್ತಾಯದ ಅರ್ಥ ಗಟ್ಟಿಯಾಗಿ ಅಂಟಿಕೊಂಡಿದೆ. ‘ಮೆಮೊರಿಗೆ ಎತ್ತಿಕೊಳ್ಳು’ ಎಂದು ಬದಲಿಸಿದ್ದೇನೆ.

ಗ್ರಬ್ ವಿಷಯದಲ್ಲಿ ಒಂದು ಚಿಕ್ಕ ವ್ಯಾಕರಣದ ಪ್ರಶ್ನೆ ಇದೆ. ಗ್ರಬ್ 2 ಡಿಸ್ಕುಗಳನ್ನು ಸೊನ್ನೆಯಿಂದಲೂ ಡಿಸ್ಕಿನೊಳಗಿನ ಪಾರ್ಟಿಷನ್‌ಗಳನ್ನು ಒಂದರಿಂದಲೂ ಎಣಿಸುತ್ತದೆ. ‘ಎಚ್‌ಡಿ0, ಜಿಪಿಟಿ2’ ಎಂದರೆ ಮೊದಲನೆಯ ಡಿಸ್ಕಿನ ಎರಡನೆಯ ಪಾರ್ಟಿಷನ್. ‘ಮೊದಲನೆಯ ಡಿಸ್ಕ್’ ಎಂದು ಬರೆದರೆ ಓದುಗ 1 ಎಂದು ಟೈಪ್ ಮಾಡುತ್ತಾನೆ, ‘ಸೊನ್ನೆಯನೆಯ ಡಿಸ್ಕ್’ ಎಂಬುದು ಕನ್ನಡದ ಕಿವಿಗೆ ಹಿಡಿಸುವುದಿಲ್ಲ. ‘0 ಸಂಖ್ಯೆಯ ಡಿಸ್ಕ್’ ಎಂದು ಬರೆಯುತ್ತಿದ್ದೇನೆ. ಪಾರ್ಟಿಷನ್‌ಗೆ ‘ಹಿಸ್ಸೆ’ ಎನ್ನಲು ಮನಸ್ಸಿತ್ತು. ಜಮೀನಿನ ಪಹಣಿ ನೋಡಿದವರಿಗೆಲ್ಲ ಪರಿಚಿತವಾದ ಪದ. ಆದರೂ ಕರಡು ಓದಿದ ಹುಡುಗರು ‘ಪಾಲು’ ಬೇಗ ಅರ್ಥವಾಗುತ್ತದೆ ಎಂದರು, ಅದನ್ನೇ ಇಟ್ಟೆ.

ಈಗ ನಿಜವಾದ ಕಗ್ಗಂಟಿಗೆ ಬರುತ್ತೇನೆ. ತಾನೇ ಕಟ್ಟಿದ ಲಿನಕ್ಸಿನಲ್ಲಿ ಹೆಚ್ಚು ಜನ ಎದುರಿಸುವ ಕೊನೆಯ ಸಾಲು ಇದು, ತೆರೆಯ ಮೇಲೆ ಬರುವಂತೆಯೇ ಕನ್ನಡ ಲಿಪಿಯಲ್ಲಿ ಕೊಡುತ್ತೇನೆ: ‘ಕರ್ನಲ್ ಪ್ಯಾನಿಕ್ - ನಾಟ್ ಸಿಂಕಿಂಗ್: ವಿಎಫ್‌ಎಸ್: ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್ ಆನ್ ಅನ್‌ನೋನ್-ಬ್ಲಾಕ್(0,0)’. ರೂಟ್ ಕಡತ ವ್ಯವಸ್ಥೆಯನ್ನು ಜೋಡಿಸಿಕೊಳ್ಳಲಾಗದೆ ಕರ್ನಲ್ ನಿಂತಿತು ಎಂಬುದು ಇದರ ಸಾರ. ಈ ಒಂದೇ ಸಾಲಿನಲ್ಲಿ ಚರ್ಚೆಗೆ ಯೋಗ್ಯವಾದ ನಾಲ್ಕು ಪದಗಳಿವೆ: ಪ್ಯಾನಿಕ್, ಸಿಂಕ್, ಮೌಂಟ್, ರೂಟ್.

ಮೌಂಟ್‌ಗೆ ‘ಆರೋಹಿಸು’ ಎಂಬ ಅನುವಾದವನ್ನು ನೋಡಿದ್ದೇನೆ, ಬಿಡಿಸುವುದಕ್ಕೆ ‘ಅವರೋಹಿಸು’ ಎಂಬುದನ್ನೂ. ಇದನ್ನು ನಾನು ಒಪ್ಪಲಾರೆ. ಕುದುರೆ ಏರುವ, ಬೆಟ್ಟ ಏರುವ ಅರ್ಥವನ್ನು ಹಿಡಿದು ಮಾಡಿದ ಪದ ಅದು. ಕಂಪ್ಯೂಟರಿನ ಮೌಂಟ್ ಹುಟ್ಟಿದ್ದು ಟೇಪಿನ ಸುರುಳಿಯನ್ನೋ ಡಿಸ್ಕಿನ ಕಟ್ಟನ್ನೋ ಕೈಯಿಂದ ಎತ್ತಿ ಯಂತ್ರಕ್ಕೆ ಕೂರಿಸುತ್ತಿದ್ದ ಕಾಲದಲ್ಲಿ. ಅಲ್ಲಿ ಯಾರೂ ಏನನ್ನೂ ಏರುತ್ತಿರಲಿಲ್ಲ. ‘ಡಿಸ್ಕನ್ನು ಆರೋಹಿಸಲಾಗಲಿಲ್ಲ’ ಎಂದು ಓದಿದ ಹುಡುಗನಿಗೆ ಸಂಗೀತದ ಆರೋಹಣ ನೆನಪಾದರೆ ಅವನ ತಪ್ಪಲ್ಲ.

ನನ್ನ ಆಯ್ಕೆ ‘ಹೂಡು’. ಗಾಡಿ ಹೂಡು, ನೇಗಿಲು ಹೂಡು, ಒಲೆ ಹೂಡು, ಬಾಣ ಹೂಡು, ಸಂಸಾರ ಹೂಡು. ಬಿಡಿಯಾಗಿದ್ದುದನ್ನು ತಕ್ಕ ಜಾಗಕ್ಕೆ ಸೇರಿಸಿ ಕೆಲಸಕ್ಕೆ ಅಣಿ ಮಾಡುವುದು ಈ ಎಲ್ಲದರಲ್ಲೂ ಇದೆ. ಮೌಂಟ್ ಆಜ್ಞೆ ಮಾಡುವುದೂ ಅದನ್ನೇ: ಡಿಸ್ಕಿನ ಒಂದು ಪಾಲನ್ನು ಒಂದು ಕೋಶಕ್ಕೆ (ಡೈರೆಕ್ಟರಿಗೆ) ಸೇರಿಸುತ್ತದೆ, ಅಲ್ಲಿಂದಾಚೆಗೆ ಅದರಲ್ಲಿರುವ ಕಡತಗಳು ಬಳಕೆಗೆ ಸಿಗುತ್ತವೆ. ಬಿಡಿಸುವುದಕ್ಕೆ ‘ಕಳಚು’, ಸೇರಿಸುವ ಜಾಗಕ್ಕೆ ‘ಹೂಡುನೆಲೆ’. ಆದರೆ ನಾಮಪದದಲ್ಲಿ ಪೆಟ್ಟು ಬೀಳುತ್ತದೆ. ‘ಹೂಡಿಕೆ ವಿಫಲವಾಯಿತು’ ಎಂದು ಬರೆದರೆ ಷೇರು ಪೇಟೆಯ ಸುದ್ದಿಯಾಗಿಬಿಡುತ್ತದೆ. ಹಾಗಾಗಿ ಕ್ರಿಯಾಪದವನ್ನು ಮಾತ್ರ ಬಳಸಿ, ನಾಮಪದ ಬೇಕಾದಲ್ಲಿ ‘ಹೂಡುವುದು’ ಎಂದೇ ಬರೆಯಬೇಕಾಗಿದೆ. ಪೇಟೆಯಲ್ಲಿ ಬೆಳೆದವರಿಗೆ ‘ಹೂಡು’ ಎಂದರೆ ಬಂಡವಾಳ ಮತ್ತು ದಾವೆ ಮಾತ್ರವೇ, ಅಥವಾ ಹಳೆಯ ಅರ್ಥ ಇನ್ನೂ ತಟ್ಟುತ್ತದೆಯೇ? ಇಲ್ಲಿ ನಿಮ್ಮ ಕಿವಿ ನನಗೆ ಬೇಕು. ಹಳೆಯ ಪದ ಹೊಸ ಹೊರೆ ಹೊರಲಾರದು ಎನ್ನುವವರಿಗೆ ‘ಕಡತ’ವನ್ನು ತೋರಿಸುತ್ತೇನೆ. ಹುಣಸೆ ಬೀಜದ ಅಂಟು, ಇದ್ದಿಲು ಬಳಿದು ಕಪ್ಪಾಗಿಸಿ ಮಡಿಸಿಟ್ಟ ಬಟ್ಟೆಯ ಪುಸ್ತಕ ಅದು. ಶೃಂಗೇರಿ ಮಠದ ಲೆಕ್ಕಪತ್ರಗಳು ಅಂಥ ಕಡತಗಳಲ್ಲಿ ಉಳಿದುಬಂದಿವೆ. ಅದೇ ಪದ ಕಚೇರಿಯ ಫೈಲನ್ನು ಹೊತ್ತು, ಈಗ ಕಂಪ್ಯೂಟರಿನ ಫೈಲನ್ನೂ ಹೊತ್ತಿದೆ.

ರೂಟ್‌ಗೆ ‘ಮೂಲ’ ಎನ್ನುವುದು ವಾಡಿಕೆ. ಬೇರೆ ಪುಸ್ತಕದಲ್ಲಿ ನಡೆದೀತು, ಇದರಲ್ಲಿ ನಡೆಯದು. ಮುಕ್ತ ಮೂಲ, ಮೂಲ ಸಂಕೇತ, ಮೂಲ ಪ್ರತಿ ಎಂದು ಸೋರ್ಸ್‌ಗೂ ಒರಿಜಿನಲ್‌ಗೂ ಆ ಪದವನ್ನು ಆಗಲೇ ಕೊಟ್ಟುಬಿಟ್ಟಿದ್ದೇವೆ. ‘ಮೂಲದಿಂದ ಕಂಪೈಲ್ ಮಾಡಿದ ಕರ್ನಲ್‌ಗೆ ಮೂಲ ಕಡತ ವ್ಯವಸ್ಥೆ ಸಿಗಲಿಲ್ಲ’ ಎಂಬ ವಾಕ್ಯ ಓದಿದವನು ಹೋಗಿ ಸೋರ್ಸ್ ಕೋಡಿನ ಕಟ್ಟನ್ನು ಹುಡುಕುತ್ತಾನೆ. ಅದಕ್ಕೇ ‘ಬೇರು’ ಎಂದು ಬರೆದಿದ್ದೇನೆ: ಬೇರು ಕಡತ ವ್ಯವಸ್ಥೆ, ಬೇರು ಕೋಶ. ಇನಿಟ್‌ರಾಮ್‌ಎಫ್‌ಎಸ್ ಎಂದರೆ ನಿಜವಾದ ಬೇರು ಸಿಗುವವರೆಗೆ ಮೆಮೊರಿಯಲ್ಲೇ ನಿಲ್ಲಿಸಿಕೊಳ್ಳುವ ಪುಟ್ಟ ಬೇರು. ಅದಕ್ಕೆ ‘ಹಂಗಾಮಿ ಬೇರು’ ಎನ್ನುವುದು ನನಗೆ ತುಂಬ ಹಿಡಿಸಿದೆ. ಅಧಿಕಾರ ಪಡೆದ ರೂಟ್ ಬಳಕೆದಾರ ಮಾತ್ರ ‘ರೂಟ್’ ಆಗಿಯೇ ಉಳಿಯುತ್ತಾನೆ. ಅದು ಲಾಗಿನ್ ಮಾಡುವಾಗ ಟೈಪ್ ಮಾಡಬೇಕಾದ ಹೆಸರು.

ಹೂಡಲು ಆಗಲಿಲ್ಲ ಎನ್ನುವುದರಲ್ಲೂ ಮೂರು ಬಗೆ ಇದೆ. ಆ ಸಾಲಿನ ಮೇಲ್ಗಡೆ ಕರ್ನಲ್ ತನಗೆ ಕಂಡ ಪಾಲುಗಳ ಪಟ್ಟಿ ಕೊಡುತ್ತದೆ. ಪಟ್ಟಿಯಲ್ಲಿ ನಿಮ್ಮ ಡಿಸ್ಕೇ ಇಲ್ಲದಿದ್ದರೆ ಅದನ್ನು ನಡೆಸುವ ಡ್ರೈವರ್ ಎಂಬ ಕೋಡು ಕರ್ನಲ್‌ನಲ್ಲಿ ಇಲ್ಲ ಎಂದು ತಿಳಿಯಬಹುದು. ಡಿಸ್ಕ್ ಇದ್ದೂ (0,0) ಎಂದರೆ ಗ್ರಬ್‌ನ ಸಾಲಿನಲ್ಲಿ ಕೊಟ್ಟ ಬೇರಿನ ಪಾಲಿನ ಹೆಸರು ತಪ್ಪಿರಬಹುದು. ಆವರಣದಲ್ಲಿ (8,2) ಎಂಬಂಥ ಸಂಖ್ಯೆ ಬಂದರೆ ಪಾಲು ಸಿಕ್ಕಿದೆ, ಅದರ ಮೇಲಿನ ಕಡತ ವ್ಯವಸ್ಥೆ ಕರ್ನಲ್‌ಗೆ ಗೊತ್ತಿಲ್ಲದಿರಬಹುದು, ಎಂದರೆ ಎಕ್ಸ್ಟ್4ನಂಥ ಕಡತ ವ್ಯವಸ್ಥೆಗೆ ಬೆಂಬಲ ಸೇರಿಸಿಲ್ಲ. ಮೊದಲನೆಯದಕ್ಕೆ ‘ಕಾಣಲಿಲ್ಲ’, ಕೊನೆಯದಕ್ಕೆ ‘ಓದಲು ಬರಲಿಲ್ಲ’ ಎಂದು ಬರೆದೆ. ಪರಿಭಾಷೆಯೇ ಬೇಡವಾಯಿತು, ದಿನಬಳಕೆಯ ಕನ್ನಡವೇ ವ್ಯತ್ಯಾಸವನ್ನು ಹೇಳಿತು.

ಈ ಸೋಲಿನ ಹಿಂದೆ ಬಹಳ ಸಲ ಇರುವ ಕಾರಣ ಒಂದಿದೆ. ಕರ್ನಲನ್ನು ಹೊಂದಿಸುವ ಪಟ್ಟಿಯಲ್ಲಿ ಡ್ರೈವರ್ ಎದುರು ನಕ್ಷತ್ರ ಹಾಕಬೇಕಾದಲ್ಲಿ ‘ಎಂ’ ಒತ್ತಿರುತ್ತಾರೆ. ನಕ್ಷತ್ರ ಹಾಕಿದ್ದು ಕರ್ನಲ್‌ನ ಒಳಗೇ ಸೇರುತ್ತದೆ, ‘ಎಂ’ ಒತ್ತಿದ್ದು ಬೇರೆ ಕಡತವಾಗಿ ಡಿಸ್ಕಿನಲ್ಲಿ ಕೂರುತ್ತದೆ. ಡಿಸ್ಕನ್ನು ಓದಲು ಡ್ರೈವರ್ ಬೇಕು, ಡ್ರೈವರ್ ಇರುವುದು ಆ ಡಿಸ್ಕಿನಲ್ಲೇ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯ ಹಾಗೆ. ಹಂಗಾಮಿ ಬೇರು ಇದ್ದರೆ ಗಂಟು ಬಿಡಿಸಬಹುದು, ಆದರೆ ಈ ದಾರಿಯಲ್ಲಿ ಸಾಮಾನ್ಯವಾಗಿ ಅದನ್ನು ಕಟ್ಟಿರುವುದಿಲ್ಲ. ಒಳಗೇ ಸೇರಿದ್ದಕ್ಕೆ ‘ಬೆಸೆದ ಡ್ರೈವರ್’, ಹೊರಗಿರುವುದಕ್ಕೆ ‘ಬಿಡಿ ಡ್ರೈವರ್’ ಎಂದಿದ್ದೇನೆ. ಬಿಡಿ ಡ್ರೈವರಿಗೆ ಇಂಗ್ಲಿಷಿನಲ್ಲಿರುವ ‘ಮಾಡ್ಯೂಲ್’ ಎಂಬ ಹೆಸರನ್ನು ‘ಘಟಕ’ ಎಂದರೆ ಈ ವಿರುದ್ಧಾರ್ಥ ಕಾಣುವುದಿಲ್ಲ, ಬೆಸೆದದ್ದೂ ಒಂದು ಘಟಕವೇ ತಾನೆ?

ಹಂಗಾಮಿ ಬೇರು ಇಲ್ಲದಿರುವುದರಿಂದ, ಬೇರು ಎಲ್ಲಿದೆ ಎಂದು ಕರ್ನಲ್‌ಗೆ ಹೇಳುವಾಗ ಇನ್ನೊಂದು ತೊಡಕೂ ಹುಟ್ಟುತ್ತದೆ. ಯುಯುಐಡಿ ಎಂಬುದು ಕಡತ ವ್ಯವಸ್ಥೆಯ ಒಳಗೆ ಬರೆದಿಟ್ಟ ಗುರುತು, ಪಾರ್ಟ್‌ಯುಯುಐಡಿ ಎಂಬುದು ಡಿಸ್ಕಿನ ಪಾಲುಪಟ್ಟಿಯಲ್ಲಿರುವ ಗುರುತು. ಎರಡನೆಯದನ್ನು ಕರ್ನಲ್ ತಾನೇ ಓದಬಲ್ಲದು, ಮೊದಲನೆಯದನ್ನು ಹುಡುಕಿಕೊಡಲು ಹಂಗಾಮಿ ಬೇರಿನಲ್ಲಿರುವ ಪ್ರೋಗ್ರಾಂ ಬೇಕು. ಎರಡಕ್ಕೂ ‘ಗುರುತು ಸಂಖ್ಯೆ’ ಎಂದು ಬರೆದರೆ ಓದುಗ ತಪ್ಪಾದುದನ್ನು ಹಾಕಿ ಅದೇ ಪ್ಯಾನಿಕ್‌ಗೆ ಮರಳುತ್ತಾನೆ. ‘ವ್ಯವಸ್ಥೆಯ ಗುರುತು’, ‘ಪಾಲಿನ ಗುರುತು’ ಎಂದು ಬೇರ್ಪಡಿಸಿದ್ದೇನೆ.

ಇನ್ನು ಪ್ಯಾನಿಕ್. ‘ಗಾಬರಿ’, ‘ದಿಗಿಲು’, ‘ಕಂಗಾಲು’ ಎಲ್ಲವನ್ನೂ ತೂಗಿ ನೋಡಿದೆ. ಗಾಬರಿಗೊಂಡವರು ಏನೇನೋ ಮಾಡುತ್ತಾರೆ. ಕರ್ನಲ್ ಮಾಡುವುದು ಅದಕ್ಕೆ ತದ್ವಿರುದ್ಧ: ಮುಂದೆ ಹೋದರೆ ಕೆಡುಕಾದೀತು ಎಂದು ತಿಳಿದು ಉದ್ದೇಶಪೂರ್ವಕವಾಗಿ ನಿಲ್ಲುತ್ತದೆ. ಮೊದಲ ಯುನಿಕ್ಸಿನಲ್ಲಿ ಪ್ಯಾನಿಕ್ ಎಂಬುದು ಹಾಗೆ ನಿಲ್ಲಿಸಲೆಂದೇ ಬರೆದ ಫಂಕ್ಷನ್ ಆಗಿತ್ತು, ಇಂದಿನ ಲಿನಕ್ಸಿನಲ್ಲೂ ಅದೇ ಹೆಸರಿದೆ. ನನಗೆ ಸರಿ ಕಂಡದ್ದು ‘ಕೈಚೆಲ್ಲು’. ‘ಬೇರನ್ನು ಹೂಡಲಾಗದೆ ಕರ್ನಲ್ ಕೈಚೆಲ್ಲಿತು’ ಎಂದರೆ, ಯತ್ನಿಸಿತು, ದಾರಿ ಕಾಣಲಿಲ್ಲ, ನಿಂತಿತು ಎಂಬ ಮೂರೂ ಬರುತ್ತವೆ. ಇದಕ್ಕೆ ಪಕ್ಕದಲ್ಲೇ ‘ಊಪ್ಸ್’ ಇದೆ. ಕರ್ನಲ್‌ನೊಳಗೆ ತಪ್ಪು ನಡೆದರೂ ಬಹಳ ಸಲ ಯಂತ್ರ ಮುಂದುವರಿಯುತ್ತದೆ, ಅದಕ್ಕೆ ‘ಎಡವಿತು’. ಯಾವ ಸಂದೇಶವೂ ಇಲ್ಲದೆ ಸ್ತಬ್ಧವಾದರೆ ‘ಮರಗಟ್ಟಿತು’. ಎಡವಿತು, ಕೈಚೆಲ್ಲಿತು, ಮರಗಟ್ಟಿತು: ಈ ಮೂರನ್ನೂ ಬೆರೆಸದೆ ಬರೆದರೆ ಸಹಾಯ ಕೇಳುವ ಹುಡುಗನ ಪತ್ರ ಓದಿದೊಡನೆ ಎಲ್ಲಿ ಹುಡುಕಬೇಕೆಂದು ಹೇಳಬಹುದು.

‘ನಾಟ್ ಸಿಂಕಿಂಗ್’ ಎಂಬುದನ್ನು ‘ಹೊಂದಾಣಿಕೆ ಆಗುತ್ತಿಲ್ಲ’ ಎಂದು ಅನುವಾದಿಸಿದರೆ, ಎರಡು ವಸ್ತುಗಳ ನಡುವಿನ ಹೊಂದಾಣಿಕೆಯೇ ಕಾಯಿಲೆ ಎಂದು ತೋರುತ್ತದೆ. ಮೆಮೊರಿಯಲ್ಲಿ ಬಾಕಿ ಉಳಿದ ಬರಹವನ್ನು ಡಿಸ್ಕಿಗೆ ಇಳಿಸುತ್ತಿಲ್ಲ ಎಂಬುದಷ್ಟೇ ಅದರ ಅರ್ಥ. ‘ಬಾಕಿ ಇಳಿಸುತ್ತಿಲ್ಲ’ ಎಂದು ವಿವರಿಸಿದ್ದೇನೆ.

ಕೊನೆಯ ಹಂತದ ‘ಅಟೆಂಪ್ಟೆಡ್ ಟು ಕಿಲ್ ಇನಿಟ್’ ಎಂಬ ಸಂದೇಶ ಇನ್ನೂ ಸತಾಯಿಸುತ್ತಿದೆ. ‘ಇನಿಟ್ಟನ್ನು ಕೊಲ್ಲುವ ಯತ್ನ ನಡೆಯಿತು’ ಎಂದರೆ ಕೊಂದವರಾರು ಎಂದು ಓದುಗ ಹುಡುಕತೊಡಗುತ್ತಾನೆ. ಹೆಚ್ಚಿನ ಸಲ ಕೊಂದವರು ಯಾರೂ ಇರುವುದಿಲ್ಲ. ಬೇಕಾದ ಲೈಬ್ರರಿ ಕಡತ ಸಿಗದೆ ಒಂದನೆಯ ಪ್ರಕ್ರಿಯೆ ತಾನೇ ಮುಗಿದುಹೋಗಿರುತ್ತದೆ. ಪರೀಕ್ಷೆಗೆಂದು ಇನಿಟ್ ಬದಲು, ಆಜ್ಞೆಗಳನ್ನು ಟೈಪ್ ಮಾಡುವ ಬ್ಯಾಷ್ ಶೆಲ್ಲನ್ನು ಓಡಿಸಿ, ಅದರಲ್ಲಿ ‘ಎಕ್ಸಿಟ್’ ಎಂದು ಟೈಪ್ ಮಾಡಿದರೂ ಇದೇ ಸಂದೇಶ ಬರುತ್ತದೆ. ‘ತೀರಿಹೋಯಿತು’ ಎನ್ನಲೇ? ಅದು ಸಾವಿಗೂ ಹೊಂದುತ್ತದೆ, ಮುಗಿಯುವುದಕ್ಕೂ ಹೊಂದುತ್ತದೆ, ಆದರೆ ದಾಸ್ತಾನು ಖಾಲಿಯಾಯಿತು ಎಂದೂ ಕೇಳಿಸೀತು. ‘ಅಳಿಯಿತು’ ತೀರ ಗ್ರಾಂಥಿಕ. ‘ಮುಗಿಯಿತು’ ಎಂದರೆ ಕೆಲಸ ಪೂರೈಸಿ ಮುಗಿದ ಪ್ರಕ್ರಿಯೆಗೂ ಇದಕ್ಕೂ ಭೇದ ಉಳಿಯುವುದಿಲ್ಲ.

ನಡುವೆ ಅಕಾಲದಲ್ಲಿ ಮುಗಿದುಹೋಗುವುದಕ್ಕೆ ನಿಮ್ಮ ಊರಿನ ಮಾತಿನಲ್ಲಿ, ಮಗ್ಗ, ಗಾಣ, ಪಂಪುಸೆಟ್ಟು, ಹಿಟ್ಟಿನ ಗಿರಣಿ ಹೀಗೆ ಯಾವ ಯಂತ್ರದ ಸುತ್ತಲೇ ಆಗಲಿ, ಒಂದು ಕ್ರಿಯಾಪದ ಇದ್ದರೆ ದಯವಿಟ್ಟು ಬರೆಯಿರಿ. ಪದದ ಜೊತೆಗೆ ಅದನ್ನು ಬಳಸುವ ಒಂದು ಪೂರ್ಣ ವಾಕ್ಯವನ್ನೂ, ಯಾವ ಸೀಮೆಯ ಬಳಕೆ ಎಂಬುದನ್ನೂ ಕೊಟ್ಟರೆ ಉಪಕಾರವಾಗುತ್ತದೆ. ‘ಹೂಡು’ ಬೇಡ ಎನ್ನುವವರು ಬದಲಿ ಪದವನ್ನೂ ಅದರ ವಿರುದ್ಧಪದವನ್ನೂ ಜೊತೆಯಾಗಿಯೇ ಸೂಚಿಸಬೇಕಾಗಿ ಕೋರುತ್ತೇನೆ.