ಪದಚರ್ಚೆ: ‘ಸ್ವಯಂಸಂರಚನೆ’, ‘ಬಳಕೆದಾರ ವಲಯ’

ಪ್ರಶ್ನೆ

ನಮಸ್ಕಾರ. ಲಿನಕ್ಸ್ ನಿರ್ವಾಹಕರಿಗಾಗಿ ಸಿದ್ಧವಾಗುತ್ತಿರುವ ಕನ್ನಡ ಕೈಪಿಡಿಯಲ್ಲಿ ಒಂದು ಅಧ್ಯಾಯದ ತಲೆಬರಹ ಸದ್ಯಕ್ಕೆ ಹೀಗಿದೆ: ‘ಜಾಲದ ಸ್ವಯಂಸಂರಚನೆ: ಕರ್ನಲ್‌ನಲ್ಲೋ, ಬಳಕೆದಾರ ವಲಯದಲ್ಲೋ?’ (ಸ್ವಯಂಸಂರಚನೆ ಎಂದರೆ ಆಟೋಕಾನ್ಫಿಗರೇಶನ್, ಯಂತ್ರಕ್ಕೆ ಜಾಲದ ವಿಳಾಸ ತಾನಾಗಿ ಸಿಗುವುದು; ಕರ್ನಲ್ ಎಂದರೆ ಕಾರ್ಯಾಚರಣಾ ವ್ಯವಸ್ಥೆಯ ತಿರುಳು; ಬಳಕೆದಾರ ವಲಯ ಎಂದರೆ ಯೂಸರ್‌ಸ್ಪೇಸ್, ಕರ್ನಲ್‌ನ ಹೊರಗೆ ಪ್ರೋಗ್ರಾಂಗಳು ಓಡುವ ಜಾಗ.) ‘ಸಂರಚನೆ’ ಎಂದೊಡನೆ ಅಣುವಿನ ಸಂರಚನೆ, ವಾಕ್ಯದ ಸಂರಚನೆ ನೆನಪಾಗುತ್ತವೆಯೇ ಹೊರತು ಐಪಿ ವಿಳಾಸವಲ್ಲ. ‘ಬಳಕೆದಾರ ವಲಯದಲ್ಲಿ’ ಎಂದರೆ ಬಳಕೆದಾರರೇ ಕೂತು ವಿಳಾಸ ತುಂಬಬೇಕು ಎಂಬ ಅರ್ಥವೂ ಬರುತ್ತದೆ. ಯಂತ್ರಕ್ಕೆ ವಿಳಾಸ ಸಿಗುವ ವಿಧಾನಗಳಾದ ಡಿಎಚ್‌ಸಿಪಿ (DHCP), ಸ್ಲಾಕ್ (SLAAC) ಎರಡಕ್ಕೂ ಒಂದೇ ಪದ ಸಾಕೇ? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1

ಸಾಲದು. ಎರಡರಲ್ಲಿ ಕೆಲಸ ಮಾಡುವವರೇ ಬೇರೆ.

ಸ್ಲಾಕ್‌ನಲ್ಲಿ (ಅಂತರಜಾಲದ ಮಾನದಂಡ ದಾಖಲೆ ಆರ್‌ಎಫ್‌ಸಿ 4862, 2007) ಯಂತ್ರ ತನ್ನ ಐಪಿವಿ6 (ಐಪಿಯ 6ನೇ ಆವೃತ್ತಿ) ವಿಳಾಸವನ್ನು ತಾನೇ ಕಟ್ಟಿಕೊಳ್ಳುತ್ತದೆ. ಮೊದಲು ಎಫ್‌ಇ80ರಿಂದ ಶುರುವಾಗುವ, ಆ ಜಾಲದೊಳಗಷ್ಟೇ ನಡೆಯುವ ಲಿಂಕ್-ಲೋಕಲ್ ವಿಳಾಸ. ಅದು ಬೇರೆಯವರ ಬಳಿ ಇದೆಯೇ ಎಂದು ಜಾಲದಲ್ಲಿ ಒಂದು ವಿಚಾರಣೆ ಕಳಿಸಿ, ಸಾಮಾನ್ಯವಾಗಿ ಒಂದು ಸೆಕೆಂಡ್ ಕಾಯುತ್ತದೆ. ಆಮೇಲೆ ರೌಟರ್ ಸಾರಿದ 64 ಬಿಟ್‌ಗಳ ಪ್ರಿಫಿಕ್ಸ್‌ಗೆ (ವಿಳಾಸದ ಮೊದಲ ಭಾಗಕ್ಕೆ) ತನ್ನ 64 ಬಿಟ್ ಜೋಡಿಸಿಕೊಳ್ಳುತ್ತದೆ. ರೌಟರ್ ಇಲ್ಲಿ ವಿಳಾಸ ಕೊಡುವುದೇ ಇಲ್ಲ. ಡಿಎಚ್‌ಸಿಪಿಯಲ್ಲಾದರೆ ಸರ್ವರ್ ತನ್ನ ಪಟ್ಟಿಯಿಂದ ಒಂದು ವಿಳಾಸವನ್ನು ಅವಧಿ ಹಾಕಿ ಕೊಡುತ್ತದೆ. ಅರ್ಧ ಅವಧಿ ಕಳೆದಾಗ ನವೀಕರಣ ಕೇಳಬೇಕು. ‘ಸ್ವಯಂ’ ಈ ಎರಡನ್ನೂ ನುಂಗಿಹಾಕುತ್ತದೆ, ಏಕೆಂದರೆ ಸ್ವಯಂಚಾಲಿತದ ‘ಸ್ವಯಂ’ ಬೇರೆ, ಸ್ವಯಂಪಾಕದ ‘ಸ್ವಯಂ’ ಬೇರೆ. ನಮ್ಮ ‘ಕೊಳ್ಳು’ ಅಷ್ಟು ಸಡಿಲವಲ್ಲ: ಸ್ಲಾಕ್‌ಗೆ ‘ವಿಳಾಸ ಕಟ್ಟಿಕೊಳ್ಳುವುದು’, ಡಿಎಚ್‌ಸಿಪಿಗೆ ‘ವಿಳಾಸ ಪಡೆಯುವುದು’. ಎರಡಕ್ಕೂ ಸೇರಿ ಒಂದು ಮಾತು ಬೇಕಾದರೆ ‘ತಾನಾಗಿ ಹೊಂದಿಸಿಕೊಳ್ಳುವುದು’.

‘ಬಳಕೆದಾರ ವಲಯ’ ಬೇಡ. ಲಿನಕ್ಸ್‌ನಲ್ಲಿ ಜಾಲವನ್ನು ಹೊಂದಿಸುವ ಸೇವೆ ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿ ಯಾರೂ ಲಾಗಿನ್ ಆಗದಿದ್ದರೂ ಓಡುತ್ತದೆ. ಅಲ್ಲಿ ಬಳಕೆದಾರರ ಪಾತ್ರವೇನೂ ಇಲ್ಲ. ‘ಹೊರವಲಯ’ ಎಂದರೆ ಪತ್ರಿಕೆ ಓದುವವರಿಗೆ ಊರಾಚೆಯ ಬಡಾವಣೆ. ‘ಕರ್ನಲ್ ಹೊರಗಿನ ಸೇವೆ’ ಎಂದು ಬಿಡಿಸಿ ಹೇಳಿದರೆ ಗೊಂದಲವಿಲ್ಲ.

ಇನ್ನು ತಲೆಬರಹದ ‘ಅಲ್ಲೋ ಇಲ್ಲೋ’. ಪದಕ್ಕಿಂತ ದೊಡ್ಡ ತಪ್ಪು ಅದರಲ್ಲೇ ಇದೆ ಅನ್ನಿಸುತ್ತದೆ. ಲಿನಕ್ಸ್‌ನಲ್ಲಿ ರೌಟರ್ ಸಾರಿಕೆಯನ್ನು (ರೌಟರ್ ಪ್ರಿಫಿಕ್ಸ್ ಮುಂತಾದವನ್ನು ಜಾಲಕ್ಕೆ ತಿಳಿಸುವ ಸಂದೇಶ, ಇಂಗ್ಲಿಷ್‌ನಲ್ಲಿ ಚಿಕ್ಕದಾಗಿ ಆರ್‌ಎ) ಕರ್ನಲ್ ತಾನೇ ಓದಬಲ್ಲದು, ಆದರೆ ಅದರಲ್ಲಿ ಬರುವ ಡಿಎನ್‌ಎಸ್ (ಹೆಸರಿಗೆ ವಿಳಾಸ ಹುಡುಕಿಕೊಡುವ ಸರ್ವರ್) ಮಾಹಿತಿಯನ್ನು ತಾನು ಬಳಸುವುದಿಲ್ಲ; ಕರ್ನಲ್ ಮತ್ತು ಹೊರಗಿನ ಸೇವೆಗಳ ನಡುವಿನ ಸಂದೇಶಮಾರ್ಗವಾದ ನೆಟ್‌ಲಿಂಕ್ ಮೂಲಕ ಹೊರಗೆ ದಾಟಿಸುತ್ತದೆ. ಅದನ್ನು ಹಿಡಿದು ರಿಸಾಲ್ವ್.ಕಾನ್ಫ್ ಕಡತಕ್ಕೆ ಬರೆಯುವ ಸೇವೆ ಇಲ್ಲದಿದ್ದರೆ ವಿಳಾಸಕ್ಕೆ ಪಿಂಗ್ ಹೋಗುತ್ತದೆ, ಹೆಸರಿಗೆ ಹೋಗುವುದಿಲ್ಲ. ‘ಕರ್ನಲ್ ಎಲ್ಲ ನೋಡಿಕೊಳ್ಳುತ್ತದೆ’ ಎಂದು ಓದಿದ ನಿರ್ವಾಹಕರು ಎಡವುವುದು ಇಲ್ಲೇ. ಅತ್ತ ನೆಟ್‌ವರ್ಕ್‌ಡಿ, ನೆಟ್‌ವರ್ಕ್‌ಮ್ಯಾನೇಜರ್‌ಗಳು ಸಾರಿಕೆಯನ್ನು ತಾವೇ ಓದುತ್ತವೆ, ಆದರೆ ವಿಳಾಸದ ನಕಲು ಪರೀಕ್ಷೆ (ಬೇರೆಯವರ ಬಳಿ ಇದೆಯೇ ಎಂಬ ಆ ವಿಚಾರಣೆ) ಆಗಲೂ ಕರ್ನಲ್‌ನದೇ.

ಆದ್ದರಿಂದ ಅಧ್ಯಾಯದಲ್ಲಿ ಒಂದು ಎಚ್ಚರಿಕೆ ಬೇಕೇಬೇಕು. ನೆಟ್‌ವರ್ಕ್‌ಡಿ ಇರುವ ಯಂತ್ರದಲ್ಲಿ ಅಕ್ಸೆಪ್ಟ್_ಆರ್‌ಎ (ಸಾರಿಕೆಯನ್ನು ಕರ್ನಲ್ ಓದಬೇಕೇ ಎಂದು ಹೇಳುವ ಸೆಟ್ಟಿಂಗ್) ಬೆಲೆ 0 ಎಂದು ಕಂಡರೆ ಅದು ಕೆಟ್ಟಿದೆ ಎಂದಲ್ಲ. ಕರ್ನಲ್‌ನ ಓದನ್ನು ಆ ಸೇವೆಯೇ ನಿಲ್ಲಿಸಿದೆ. ಅದನ್ನು 1 ಮಾಡಿದರೆ ಇಬ್ಬರೂ ಓದತೊಡಗಿ, ಬೇಡದ ಎರಡನೇ ವಿಳಾಸ ಅಥವಾ ಎರಡನೇ ಡೀಫಾಲ್ಟ್ ದಾರಿ ಹುಟ್ಟಬಹುದು. ಕರ್ನಲ್‌ಗೇ ಬಿಟ್ಟ ಯಂತ್ರದಲ್ಲಿ ಐಪಿವಿ6 ಫಾರ್ವರ್ಡಿಂಗ್ (ಬೇರೆಯವರ ಪ್ಯಾಕೆಟ್‌ಗಳನ್ನು ಮುಂದೆ ಸಾಗಿಸುವುದು) ಹಾಕಿದರೆ ಕಥೆ ಬೇರೆ: ಯಂತ್ರ ತಾನೇ ರೌಟರ್ ಆಯಿತೆಂದು ಅಕ್ಸೆಪ್ಟ್_ಆರ್‌ಎ 1 ಇದ್ದರೂ ಸಾರಿಕೆಯನ್ನು ಓದುವುದಿಲ್ಲ, ಕಲಿತಿದ್ದ ಡೀಫಾಲ್ಟ್ ದಾರಿ ಅಳಿದುಹೋಗುತ್ತದೆ. ಅಲ್ಲಿ 2 ಇರಬೇಕು, ಅದೂ ಫಾರ್ವರ್ಡಿಂಗ್ ಹಾಕುವ ಮೊದಲೇ.

ಸಾರಿಕೆ ಓದುವ ಕೆಲಸ ಎಲ್ಲಿರಬೇಕು ಎಂದು ಕೇಳಿದರೆ ನನ್ನ ಮತ ಹೊರಗೆ. ಅಪರಿಚಿತರು ಕಳಿಸಿದ ಪ್ಯಾಕೆಟ್‌ನ ಒಳಗನ್ನು ಬಿಡಿಸಿ ಓದುವ ಕೆಲಸ ಕರ್ನಲ್‌ಗೆ ಯಾಕೆ? 2020ರ ಅಕ್ಟೋಬರ್‌ನಲ್ಲಿ ವಿಂಡೋಸ್‌ನಲ್ಲಿ ಬಯಲಾದ ‘ಬ್ಯಾಡ್ ನೇಬರ್’ ದೋಷ ಇಂಥದ್ದೇ. ಸಾರಿಕೆಯಲ್ಲಿ ಡಿಎನ್‌ಎಸ್ ಮಾಹಿತಿ ಇರುವ ಭಾಗದ (‘ಆಯ್ಕೆ’ಯ) ಉದ್ದವನ್ನು 8 ಬೈಟ್‌ಗಳ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಸರ್ವರ್‌ಗೆ 3, ಪ್ರತಿ ಹೆಚ್ಚುವರಿ ಸರ್ವರ್‌ಗೆ ಇನ್ನೆರಡು, ಅಂದರೆ ಯಾವಾಗಲೂ ಬೆಸಸಂಖ್ಯೆ. ಸಮಸಂಖ್ಯೆ ಕಳಿಸಿದಾಗ ಕರ್ನಲ್‌ನೊಳಗಿನ ಟಿಸಿಪಿ/ಐಪಿ ಡ್ರೈವರ್ ಲೆಕ್ಕ ತಪ್ಪುತ್ತಿತ್ತು. ಓಪನ್‌ಬಿಎಸ್‌ಡಿ ಎಂಬ ಕಾರ್ಯಾಚರಣಾ ವ್ಯವಸ್ಥೆ 2017ರ 6.2ನೇ ಆವೃತ್ತಿಯಲ್ಲೇ ಈ ಕೆಲಸವನ್ನು ಕರ್ನಲ್‌ನಿಂದ ತೆಗೆದು, ಅಧಿಕಾರ ಕಡಿತಗೊಳಿಸಿದ ‘ಸ್ಲಾಕ್‌ಡಿ’ಗೆ ಒಪ್ಪಿಸಿತು.

ಉತ್ತರ 2

ಪದಗಳ ಬಗ್ಗೆ ಒಪ್ಪಿಗೆ ಇದೆ ಸರ್, ಒಂದು ಕಾಗುಣಿತದ ಎಚ್ಚರದೊಂದಿಗೆ: ‘ಹೊಂದಿಸಿಕೊಳ್ಳು’ವಿನ ‘ಸಿ’ ಬಿದ್ದುಹೋದರೆ ‘ಹೊಂದಿಕೊಳ್ಳು’ ಆಗಿ, ಯಂತ್ರ ಜಾಲದ ಜೊತೆ ಅನುಸರಿಸಿಕೊಂಡು ಹೋಗುತ್ತದೆ ಎಂದಾದೀತು. ಕರಡು ತಿದ್ದುವವರಿಗೆ ಮೊದಲೇ ಹೇಳಿಡಿ.

ಮತದ ಬಗ್ಗೆ ಮಾತ್ರ ಒಪ್ಪಿಗೆ ಅರ್ಧ. ಪುಟ್ಟ ಎಂಬೆಡೆಡ್ ಸಾಧನದಲ್ಲಿ ಬೇರೆ ಸೇವೆ ಇಲ್ಲದೆಯೇ ಐಪಿವಿ6 ವಿಳಾಸ ಸಿಗುವುದು ಕರ್ನಲ್ ಸ್ಲಾಕ್‌ನಿಂದ. ರೂಟ್ ಫೈಲ್‌ಸಿಸ್ಟಮ್ ಎನ್‌ಎಫ್‌ಎಸ್‌ನಲ್ಲಿದ್ದು (ಅಂದರೆ ಜಾಲದಾಚೆಯ ಯಂತ್ರದಲ್ಲಿದ್ದು) ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಆರಂಭಕ್ಕೆ ಬಳಸುವ ತಾತ್ಕಾಲಿಕ ಫೈಲ್‌ಸಿಸ್ಟಮ್) ಇಲ್ಲದಿದ್ದರೆ ಹೊರಗಿನ ಸೇವೆ ಇನ್ನೂ ಹುಟ್ಟಿಯೇ ಇರುವುದಿಲ್ಲ; ಬೂಟ್ ಸಾಲಿನಲ್ಲಿ ‘ಐಪಿ=ಡಿಎಚ್‌ಸಿಪಿ’ ಕೊಟ್ಟು ಕರ್ನಲ್‌ನಿಂದಲೇ ವಿಳಾಸ ಪಡೆಯಬೇಕು. ಅದಕ್ಕೆ ನೆಟ್‌ವರ್ಕ್ ಕಾರ್ಡ್‌ನ ಡ್ರೈವರ್ ಮಾಡ್ಯೂಲ್ ಆಗಿರದೆ ಕರ್ನಲ್‌ನೊಳಗೇ ಸೇರಿರಬೇಕು. ಸಿಕ್ಕ ಡಿಎನ್‌ಎಸ್ ಮಾಹಿತಿ ಪ್ರಾಕ್‌ನ (ಕರ್ನಲ್ ತನ್ನ ಮಾಹಿತಿ ತೋರಿಸುವ ಕಡತಕೋಶದ) ನೆಟ್/ಪಿಎನ್‌ಪಿ ಕಡತದಲ್ಲಿರುತ್ತದೆ. ಆದರೆ ಈ ಕೋಡ್ ಒಮ್ಮೆ ಪಡೆದ ವಿಳಾಸವನ್ನು ಮುಂದೆ ನವೀಕರಿಸುವುದಿಲ್ಲ. ಅವಧಿ ಮುಗಿದ ಮೇಲೂ ಯಂತ್ರ ಅದೇ ವಿಳಾಸ ಹಿಡಿದು ಕೂತಿರುತ್ತದೆ, ಸರ್ವರ್ ಅದನ್ನು ಇನ್ನೊಬ್ಬರಿಗೆ ಕೊಟ್ಟೂ ಇರಬಹುದು. ಹಾಗಾಗಿ ಕೈಪಿಡಿಯಲ್ಲಿ ಇದಕ್ಕೆ ‘ಬೂಟ್ ವೇಳೆ ವಿಳಾಸ ಪಡೆಯುವುದು’ ಎಂದೇ ಬರೆಯಿರಿ, ಮತ್ತು ಸರ್ವರ್‌ನಲ್ಲಿ ಆ ಮ್ಯಾಕ್‌ಗೆ (ನೆಟ್‌ವರ್ಕ್ ಕಾರ್ಡ್‌ನ ಗುರುತುಸಂಖ್ಯೆಗೆ) ಒಂದು ವಿಳಾಸ ಕಾಯ್ದಿರಿಸಲು ಅಲ್ಲೇ ಸೂಚಿಸಿ.