ಪದಚರ್ಚೆ: ಬೆಲ್ ಹೌಸಿಂಗ್ 'ಸರಳ' ಕೂಡ್ರಿಸುವುದು ಎಂದರೆ ಏನು?

ಗೆಳೆಯರೇ,

ಒಂದೇ ಒಂದು ಪುಟದ ಬರಹಕ್ಕೆ ಕೈಹಾಕಿ ಎರಡು ವಾರದಿಂದ ಒದ್ದಾಡುತ್ತಿದ್ದೇನೆ. ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮ ಕಾಕಾ ಅವರ ಗ್ಯಾರೇಜು ಇದೆ. ಹಳೆಯ ಜೀಪುಗಳಿಗೆ ಬೇರೆ ಎಂಜಿನ್ ಕೂಡ್ರಿಸುವುದು ಅಲ್ಲಿನ ಮುಖ್ಯ ಕಸುಬು. ಹೊಸ ಹುಡುಗರು ನೋಡಿಕೊಂಡು ಕೆಲಸ ಮಾಡಲು ಗೋಡೆಗೆ ಅಂಟಿಸುವಂಥ ಒಂದು ಕನ್ನಡ ಹಾಳೆ ಬರೆದುಕೊಡು ಎಂದು ಕಾಕಾ ಹೇಳಿದರು. ವಿಷಯ, ಗಿಯರ್ ಬಾಕ್ಸಿನ ಬೆಲ್ ಹೌಸಿಂಗನ್ನು ಎಂಜಿನ್ನಿನ ಕ್ರ್ಯಾಂಕಿಗೆ, ಅಂದರೆ ತಿರುಗುವ ಮುಖ್ಯ ದಂಡಕ್ಕೆ, ಅಲೈನ್ ಮಾಡುವುದು. ಆ 'ಅಲೈನ್' ಎಂಬಲ್ಲಿಯೇ ನನ್ನ ಗಾಲಿ ಹೂತು ಕುಳಿತಿದೆ.

ಗ್ಯಾರೇಜಿನ ಕಡೆ ಸುಳಿಯದವರಿಗಾಗಿ ಎರಡು ಮಾತು. ಎಂಜಿನ್ನಿಗೂ ಗಿಯರ್ ಬಾಕ್ಸಿಗೂ ನಡುವೆ ಗಂಟೆಯ ಆಕಾರದ ಒಂದು ಎರಕದ ಕವಚ ಇರುತ್ತದೆ. ಕ್ರ್ಯಾಂಕಿನ ಜೊತೆಗೇ ತಿರುಗುವ ಭಾರದ ಚಕ್ರವಾದ ಫ್ಲೈವೀಲ್, ಕ್ಲಚ್ ಎರಡೂ ಅದರ ಹೊಟ್ಟೆಯೊಳಗೆ. ಕವಚದ ಹಿಂಭಾಗದಲ್ಲಿ ಒಂದು ದುಂಡನೆಯ ತೂತು; ಗಿಯರ್ ಬಾಕ್ಸಿನ ಮೂತಿ ಆ ತೂತಿನಲ್ಲಿ ಬಿಗಿಯಾಗಿ ಕೂಡುತ್ತದೆ. ಗಿಯರ್ ಬಾಕ್ಸಿನಿಂದ ಹೊರಬರುವ ಶಾಫ್ಟಿನ ತುದಿ ಕ್ರ್ಯಾಂಕಿನ ಬಾಲದಲ್ಲಿರುವ ಪುಟ್ಟ ಪೈಲಟ್ ಬೇರಿಂಗಿನೊಳಗೆ ಹೋಗುತ್ತದೆ. ತೂತಿನ ಕೇಂದ್ರವೂ ಕ್ರ್ಯಾಂಕಿನ ಕೇಂದ್ರವೂ ಬೇರೆ ಬೇರೆಯಾದರೆ ಶಾಫ್ಟು ಪ್ರತಿ ಸುತ್ತಿಗೂ ಮಿಡುಕುತ್ತದೆ. ಮೊದಲು ಪೈಲಟ್ ಬೇರಿಂಗ್ ಸವೆಯುತ್ತದೆ, ಆಮೇಲೆ ಗಿಯರ್ ಬಾಕ್ಸಿನ ಮುಂದಿನ ಬೇರಿಂಗ್ ಕೂಗುತ್ತದೆ, ಕೊನೆಗೆ ಓಡುತ್ತಿರುವಾಗಲೇ ಗಿಯರ್ ಹಾರಿ ನ್ಯೂಟ್ರಲ್ಲಿಗೆ ಬರುತ್ತದೆ.

ಇಂಥದ್ದೇ ಒಂದು ಜೀಪು ಬಂದಿತ್ತು. ಒಂದು ವರ್ಷದಲ್ಲಿ ಎರಡು ಸಲ ಬೇರಿಂಗ್ ಬದಲಾಗಿತ್ತು. ಬಿಚ್ಚಿದರೆ ಬೋಲ್ಟುಗಳೆಲ್ಲ ಬಿಗಿ, ಎರಡು ಡವೆಲ್ ಪಿನ್ನುಗಳು ಮಾತ್ರ ಇಲ್ಲ. ಕವಚವನ್ನು ಹಿಡಿದಿಡುವುದು ಬೋಲ್ಟು, ಅದರ ಜಾಗ ಗೊತ್ತುಮಾಡುವುದು ಡವೆಲ್. ಬೋಲ್ಟಿನ ತೂತು ಬೋಲ್ಟಿಗಿಂತ ತುಸು ದೊಡ್ಡದೇ ಇರುತ್ತದೆಯಾದ್ದರಿಂದ, ಡವೆಲ್ ಇಲ್ಲದ ಕವಚ ಬಿಗಿಯುವ ಹೊತ್ತಿಗೆ ಎತ್ತ ಜಾರಿತೋ ಅತ್ತಲೇ ನಿಲ್ಲುತ್ತದೆ.

ಮಿಸ್ತ್ರಿ ಹೊಸ ಡವೆಲ್ ಬಡಿದು, ಕ್ಲಚ್ ತೆಗೆದು, ಬರಿಯ ಹೌಸಿಂಗ್ ಕಟ್ಟಿ, ಫ್ಲೈವೀಲಿಗೆ ಅಯಸ್ಕಾಂತದ ಬುಡವಿರುವ ಡಯಲ್, ಅಂದರೆ ಸಣ್ಣ ಅಂತರವನ್ನು ಮುಳ್ಳಿನಿಂದ ತೋರಿಸುವ ಅಳತೆಯ ಸಾಧನ, ಹಚ್ಚಿದರು. ಡಯಲ್ಲಿನ ಮೊನೆ ತೂತಿನ ಒಳಗೋಡೆಗೆ ತಾಗಿತ್ತು. ಹುಡುಗನೊಬ್ಬ ಪಾನಾ ಹಾಕಿ ಕ್ರ್ಯಾಂಕನ್ನು ನಿಧಾನವಾಗಿ ತಿರುಗಿಸಿದ. ಮೇಲೆ ಸೊನ್ನೆಯಲ್ಲಿದ್ದ ಮುಳ್ಳು ಕೆಳಗೆ ಬರುವಷ್ಟರಲ್ಲಿ 46 ಗೆರೆ ದಾಟಿತ್ತು. ಒಂದು ಗೆರೆಗೆ 0.01 ಮಿಲಿಮೀಟರ್. "ಔಟ್ 46" ಎಂದರು ಮಿಸ್ತ್ರಿ. ಹುಡುಗ ಅಂಗೈ ಮೇಲೆ 46 ಎಂದು ಬರೆದುಕೊಂಡ, ಲೇಥ್ ಅಂಗಡಿಗೆ ಹೋಗಿ ಕೇಂದ್ರ ಅಷ್ಟೇ ಪಕ್ಕಕ್ಕೆ ಸರಿದಿರುವ ಡವೆಲ್ ತಿರುಗಿಸಿಕೊಂಡು ಬಂದ. ಹಾಕಿ ಮತ್ತೆ ಡಯಲ್ ಹಚ್ಚಿದರೆ ಮುಳ್ಳು ಪುನಃ 46 ತೋರಿಸಿತು, ಈ ಸಲ ಎದುರು ದಿಕ್ಕಿಗೆ!

ಕಾರಣ ಸುಲಭ. ತೂತಿನ ಕೇಂದ್ರ 0.23 ಮಿಲಿಮೀಟರ್ ಮಾತ್ರ ಸರಿದಿತ್ತು. ಒಂದು ಕಡೆ ಅಷ್ಟು ಹತ್ತಿರ, ಎದುರು ಕಡೆ ಅಷ್ಟೇ ದೂರ ಆಗುವುದರಿಂದ ಮುಳ್ಳು ಅದರ ಎರಡರಷ್ಟು ಹೊಯ್ದಾಡುತ್ತದೆ. ಡವೆಲ್ಲಿನಲ್ಲಿ ಕೊಡಬೇಕಾದದ್ದು 23. ಹುಡುಗ ಕೊಟ್ಟಿದ್ದು 46. ಕವಚ ನಡುವನ್ನು ದಾಟಿ ಆಚೆ ದಂಡೆಗೆ ಹೋಗಿ ಕುಳಿತಿತು. ಹುಡುಗನನ್ನು ಎಲ್ಲರೂ ಬೈದರು. ನನಗೇನೋ ತಪ್ಪು ಹುಡುಗನದು ಎನ್ನಿಸಲಿಲ್ಲ, 'ಔಟ್' ಎಂಬ ಪದದ್ದು. ಮುಳ್ಳಿನ ಹೊಯ್ದಾಟಕ್ಕೂ ಔಟ್, ಕೇಂದ್ರ ಸರಿದದ್ದಕ್ಕೂ ಔಟ್. ಇಂಗ್ಲಿಷಿನವರು ಮೊದಲನೆಯದನ್ನು ರನ್‌ಔಟ್, ಎರಡನೆಯದನ್ನು ಆಫ್‌ಸೆಟ್ ಎನ್ನುತ್ತಾರೆ. ನಮ್ಮ ವರ್ಕ್‌ಶಾಪಿಗೆ ಬರುವಷ್ಟರಲ್ಲಿ ಎರಡೂ ಸವೆದು ಒಂದೇ ಔಟ್ ಆಗಿವೆ. ಸಾಮಾನ್ಯವಾಗಿ ಹೇಳುವ ಮಿತಿಯೂ ಇದೇ ಗೊಂದಲಕ್ಕೆ ಬೀಳುತ್ತದೆ: ಕೇಂದ್ರ 5 ಥೌಗಿಂತ (ಥೌ ಎಂದರೆ ಇಂಚಿನ ಸಾವಿರದಲ್ಲೊಂದು ಪಾಲು), ಅಂದರೆ 0.127 ಮಿಲಿಮೀಟರಿಗಿಂತ ಹೆಚ್ಚು ಸರಿಯಬಾರದು. ಮುಳ್ಳಿನ ಲೆಕ್ಕದಲ್ಲಿ ಅದೇ 10 ಥೌ. ಯಾವ ಲೆಕ್ಕವೆಂದು ಹೇಳದೆ ಬರಿಯ ಸಂಖ್ಯೆ ಬರೆದರೆ ಗೋಡೆಯ ಹಾಳೆ ಗೋಡೆಗೇ ಉಪಯೋಗ.

ಈಗ ಪದಗಳಿಗೆ ಬರುತ್ತೇನೆ.

ಮೊದಲ ಕರಡಿನಲ್ಲಿ ನಾನು 'ಹೌಸಿಂಗನ್ನು ಸರಳ ಕೂಡ್ರಿಸಬೇಕು' ಎಂದು ಬರೆದಿದ್ದೆ. ನಮ್ಮ ಕಡೆ 'ಸರಳ ಹೋಗಿರಿ' ಎಂದರೆ ನೆಟ್ಟಗೆ ಹೋಗಿರಿ ಎಂದೇ ಅರ್ಥ. ಬೆಂಗಳೂರಿನ ಗೆಳತಿಗೆ ಕರಡು ಕಳಿಸಿದೆ. 'ಅಷ್ಟು ಸುಲಭವೇ ಅದು?' ಎಂದು ಕೇಳಿದಳು. ಅವಳಿಗೆ ಸರಳ ಎಂದರೆ ಸುಲಭ, ಆಡಂಬರವಿಲ್ಲದ್ದು. ಆದರೆ ಅವಳೂ ಶಾಲೆಯಲ್ಲಿ 'ಸರಳರೇಖೆ' ಎಳೆದವಳೇ; ಆ ರೇಖೆಯನ್ನು ಯಾರೂ ಸುಲಭ ರೇಖೆ ಎಂದು ತಿಳಿಯುವುದಿಲ್ಲ. ಸಂಸ್ಕೃತದ ಸರಳಕ್ಕೆ ನೇರ ಎಂಬ ಅರ್ಥ ಇದ್ದೇ ಇದೆ. ಮರಾಠಿಯಲ್ಲಿ ಅದು ದಿನಬಳಕೆಯ ಮಾತು, ಬೆಳಗಾವಿಯ ಕನ್ನಡದಲ್ಲಿಯೂ ಹಾಗೆಯೇ. ಇದು ಮರಾಠಿಯ ನೆರೆಹೊರೆಯಿಂದ ಬಂದ ಬಳಕೆಯೋ, ದಕ್ಷಿಣದವರು ಕೈಬಿಟ್ಟ ಹಳೆಯ ಅರ್ಥ ಇಲ್ಲಿ ಉಳಿದದ್ದೋ? ಬಲ್ಲವರು ಹೇಳಬೇಕು.

ಸರಳಕ್ಕೆ ಇನ್ನೂ ಒಂದು ತೊಡಕಿದೆ. ಅದು ಗೆರೆಯ ಪದ, ಚಕ್ರದ್ದಲ್ಲ. ಎರಡು ದುಂಡುಗಳು ಒಂದೇ ಕೇಂದ್ರಕ್ಕೆ ಬರಬೇಕು ಎನ್ನುವುದನ್ನು ಅದು ಹೇಳಲಾರದು. ಹತ್ತನೆಯ ತರಗತಿಯ ಗಣಿತದಲ್ಲಿ 'ಏಕಕೇಂದ್ರೀಯ ವೃತ್ತಗಳು' ಬರುತ್ತವೆ. ಗ್ಯಾರೇಜಿನ ಹುಡುಗರನ್ನು ಕೇಳಿದೆ, ಮೂವರಲ್ಲಿ ಇಬ್ಬರಿಗೆ ಪದ ನೆನಪಿತ್ತು. ಕೈಯಲ್ಲಿರುವ ಕವಚಕ್ಕೂ ಆ ವೃತ್ತಗಳಿಗೂ ಸಂಬಂಧವಿದೆ ಎಂದಾಗ ಮಾತ್ರ ನಕ್ಕುಬಿಟ್ಟರು. ಎಣ್ಣೆ ಹತ್ತಿದ ಕೈಗೆ ಆ ಪದ ಒಗ್ಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಅವರು ಆಡುವುದು 'ಸೆಂಟರ್ ಹಿಡಿಯುವುದು' ಎಂದು. ಇದನ್ನು ಕನ್ನಡಿಸಿ 'ನಡು ಹಿಡಿಯುವುದು' ಎಂದೆ. ಮಿಸ್ತ್ರಿ ಗಂಭೀರವಾಗಿ, ತಮಗೆ ಗಿಯರ್ ಬಾಕ್ಸ್ ಎತ್ತಿ ಎತ್ತಿ ಹತ್ತು ವರ್ಷದ ಹಿಂದೆಯೇ ನಡು ಹಿಡಿದಿದೆ ಎಂದರು. ನಮ್ಮಲ್ಲಿ ನಡು ಎಂದರೆ ಸೊಂಟವೂ ಹೌದು. ಅಲ್ಲಿಗೆ ಆ ಪ್ರಯತ್ನ ಮುಗಿಯಿತು. 'ನಡು ಕೂಡಿಸುವುದು' ಎಂದರೆ ಹೇಗೆ ಎಂಬ ಯೋಚನೆ ಇನ್ನೂ ಜೀವಂತವಾಗಿದೆ.

ಬಂಡಿಯ ಪದಗಳನ್ನೂ ತಡಕಿದೆ. ಗಾಲಿ ತಿರುಗುವ ದಂಡಕ್ಕೆ 'ಅಚ್ಚು' ಎಂಬ ಒಳ್ಳೆಯ ಪದವಿದೆ, ಸಂಸ್ಕೃತದ ಅಕ್ಷದಿಂದ ಬಂದದ್ದು. 'ಒಂದೇ ಅಚ್ಚಿಗೆ ತರುವುದು' ಎಂದು ಬರೆದು ಖುಷಿಪಟ್ಟೆ. ಆದರೆ ಬೆಳಗಾವಿ ಫೌಂಡ್ರಿಗಳ ಊರು. ಇಲ್ಲಿ ಅಚ್ಚು ಎಂದ ಕೂಡಲೇ ಜನರ ಕಣ್ಣಿಗೆ ಕಟ್ಟುವುದು ಮರಳಿನ ಅಚ್ಚು, ಕಾದ ಕಬ್ಬಿಣ. ಹೌಸಿಂಗೂ ಎರಕದ್ದೇ ಆದ್ದರಿಂದ ಗೊಂದಲ ಖಚಿತ. ಡವೆಲ್ಲಿಗೆ 'ಕೀಲು' ಎನ್ನೋಣವೆಂದರೆ, ವಚನದಲ್ಲಿ ಬರುವ ಕಡೆಗೀಲಿನ ಬೆಂಬಲವೇನೋ ಇದೆ, ಆದರೆ ಇಲ್ಲಿ ಕೀಲಿ ಎಂದರೆ ಬಾಗಿಲಿನ ಬೀಗ. ಒಂದು ಗುಣಿಸಿನಲ್ಲಿ ಪಿನ್ನು ಹೋಗಿ ಬೀಗ ಆಗುತ್ತದೆ. ಡವೆಲ್ ಡವೆಲ್ ಆಗಿಯೇ ಇರಲಿ, ನನ್ನ ತಕರಾರಿಲ್ಲ. ಬೆಲ್ ಹೌಸಿಂಗನ್ನೂ ಮುಟ್ಟುವುದಿಲ್ಲ. 'ಘಂಟಾಕವಚ' ಎಂದು ಬರೆದರೆ ಗ್ಯಾರೇಜಿನಲ್ಲಿ ಊದುಬತ್ತಿ ಹಚ್ಚಬೇಕಾದೀತು.

ಇನ್ನೊಂದು ಬಗೆಯ ತಪ್ಪಿದೆ: ಕೇಂದ್ರ ಸರಿಯಿದ್ದೂ ಕವಚದ ಹಿಂಮುಖ ಓರೆಯಾಗಿರುವುದು. ಆಗ ಡಯಲ್ಲಿನ ಮೊನೆಯನ್ನು ತೂತಿಗಲ್ಲ, ಮುಖಕ್ಕೆ ಹಚ್ಚುತ್ತಾರೆ. ಕ್ರ್ಯಾಂಕ್ ಹಿಂದೆ ಮುಂದೆ ಆಡದಂತೆ ಒಂದೇ ಬದಿಗೆ ಒತ್ತಿ ಹಿಡಿದು ತಿರುಗಿಸುತ್ತಾರೆ. ಮದ್ದು ಡವೆಲ್ ಅಲ್ಲ, ತೆಳು ತಗಡಿನ ಶಿಮ್. ಇದಕ್ಕೆ ನನಗೆ ಪದ ಸಿಕ್ಕಿದೆ. ಬಡಿಗರು, ಗೌಂಡಿಗಳು ಮೂಲೆಮಟ್ಟವನ್ನು ಗುಣ್ಯಾ ಎನ್ನುತ್ತಾರೆ, ಚೌಕ ತಪ್ಪಿದ್ದಕ್ಕೆ 'ಗುಣ್ಯಾ ಇಲ್ಲ' ಎನ್ನುತ್ತಾರೆ. ಮಿಸ್ತ್ರಿಗೂ ಇದು ಒಪ್ಪಿಗೆ.

ಕೇಳಬೇಕಾದದ್ದು ಇಷ್ಟು. ಮುಳ್ಳಿನ ಒಟ್ಟು ಓಟಕ್ಕೆ 'ಹೊಯ್ದಾಟ', ಕೇಂದ್ರ ತಪ್ಪಿದ ಅಳತೆಗೆ 'ಸರಿತ' ಎಂದು ಇಟ್ಟುಕೊಳ್ಳಬಹುದೇ? 'ಸರಿತ' ಓದಿದರೆ ನದಿಯೋ ಹುಡುಗಿಯೋ ಎನಿಸುತ್ತದೆ ಎಂಬ ಅಳುಕಿದೆ. ಕುಂಬಾರರ ತಿಗರಿಯ ಮೇಲೆ ಮಣ್ಣಿನ ಮುದ್ದೆ ನಡುವಿಗೆ ಬಾರದೆ ಓಲಾಡುವುದಕ್ಕೆ, ಗಾಣದ ಕೆಲಸದಲ್ಲಿ, ಗಾಲಿಗೆ ಹಳಿ ಹಾಕುವಲ್ಲಿ ಇಂಥ ಎರಡು ಬೇರೆ ಬೇರೆ ಪದಗಳು ಬಳಕೆಯಲ್ಲಿದ್ದರೆ ದಯವಿಟ್ಟು ತಿಳಿಸಿ. ಬಾಗಲಕೋಟೆ, ವಿಜಯಪುರದ ಕಡೆಯವರು ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡಿದರೆ ಉಪಕಾರ.

ಸದ್ಯಕ್ಕೆ ಗೋಡೆ ಖಾಲಿ ಇದೆ. ಮಿಸ್ತ್ರಿ ಡಯಲ್ಲಿನ ಪೆಟ್ಟಿಗೆಯ ಮುಚ್ಚಳದ ಒಳಗಡೆ ಸೀಮೆಸುಣ್ಣದಿಂದ 'ಅರ್ಧ' ಎಂದು ಬರೆದಿಟ್ಟಿದ್ದಾರೆ.