ಬಬಲ್ ಟಿಪ್ ಅನಿಮೋನ್ ಈಗಲೇ ತರಬಹುದೇ? ಸಾಕಿದವರು ತಿಳಿಸಿ

ಪ್ರಶ್ನೆ

ನಮಸ್ಕಾರ. ನನ್ನ 150 ಲೀಟರಿನ ಉಪ್ಪುನೀರಿನ ಟ್ಯಾಂಕಿಗೆ ಈಗ ನಾಲ್ಕು ತಿಂಗಳು. ಒಂದು ಜೊತೆ ಒಸೆಲ್ಲಾರಿಸ್ ಕ್ಲೌನ್ ಮೀನು, ಲೈವ್ ರಾಕ್ (ಉಪಯುಕ್ತ ಬ್ಯಾಕ್ಟೀರಿಯಾ ನೆಲೆಸಿರುವ ಕಲ್ಲು), ಎಲ್‌ಇಡಿ ಲೈಟ್, ನೀರಿನಲ್ಲಿ ಹರಿವು ಎಬ್ಬಿಸುವ ಒಂದು ವೇವ್‌ಮೇಕರ್ ಇವೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ, ನೈಟ್ರೇಟ್ 5 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ). ಬಬಲ್ ಟಿಪ್ ಅನಿಮೋನ್ (ಕಲ್ಲಿಗೆ ಅಂಟಿಕೊಂಡು ಬದುಕುವ, ಕುಟುಕುವ ಎಳೆಗಳಿರುವ ಸಮುದ್ರ ಪ್ರಾಣಿ) ತರುವ ಆಸೆಯಿದೆ. ಈಗಲೇ ತರಬಹುದೇ, ಏನೇನು ಸಿದ್ಧಮಾಡಿಕೊಳ್ಳಬೇಕು?

ಉತ್ತರ 1

ಇನ್ನೂ ಎರಡು ಮೂರು ತಿಂಗಳು ತಡೆಯಿರಿ. ಅಮೋನಿಯಾ ಸೊನ್ನೆ ಎಂದರೆ ಮೀನು ಬದುಕುತ್ತದೆ ಎಂದಷ್ಟೇ ಅರ್ಥ. ಅನಿಮೋನ್‌ಗೆ ಬೇಕಿರುವುದು ಏರಿಳಿತವಿಲ್ಲದ ನೀರು, ಅದು ಹೊಸ ಟ್ಯಾಂಕಿನಲ್ಲಿ ಸಿಗುವುದಿಲ್ಲ. ಆರು ತಿಂಗಳು ಕನಿಷ್ಠ, ವರ್ಷ ತುಂಬಿದರೆ ಇನ್ನೂ ಒಳ್ಳೆಯದು.

ಉಪ್ಪಿನ ಪ್ರಮಾಣ ತೋರಿಸುವ ಸಾಂದ್ರತೆ 1.025ರಿಂದ 1.026, ಉಷ್ಣತೆ 25–26 ಡಿಗ್ರಿ, ಆಲ್ಕಲಿನಿಟಿ (ಕ್ಷಾರತೆ) 8–9 ಡಿಕೆಎಚ್, ಕ್ಯಾಲ್ಸಿಯಂ 420ರ ಆಸುಪಾಸು, ಮೆಗ್ನೀಸಿಯಂ 1300, ಫಾಸ್ಫೇಟ್ 0.03ರಿಂದ 0.1 ಪಿಪಿಎಂ. ನೈಟ್ರೇಟ್ 2ರಿಂದ 10ರೊಳಗೆ ಇದ್ದರೆ ಸಾಕು, ಸೊನ್ನೆಗೆ ಇಳಿಸಲು ಹೋಗಬೇಡಿ. ಅನಿಮೋನಿನ ಮೈಯೊಳಗೆ ಸೂಕ್ಷ್ಮ ಪಾಚಿ ಬದುಕಿರುತ್ತದೆ, ಬೆಳಕಿನಿಂದ ಆಹಾರ ಮಾಡಿ ಉಣಿಸುವುದು ಅದೇ. ಅದಕ್ಕೂ ನೈಟ್ರೇಟಿನಿಂದ ಸಿಗುವ ಸಾರಜನಕ ಬೇಕು.

ಹೆಚ್ಚಿನವರು ಎಡವುವುದು ಉಪ್ಪಿನಲ್ಲಿ. ಆವಿಯಾಗುವುದು ನೀರು ಮಾತ್ರ, ಉಪ್ಪು ಟ್ಯಾಂಕಿನಲ್ಲೇ ಉಳಿಯುತ್ತದೆ. ನಿಮ್ಮ ಟ್ಯಾಂಕಿನಿಂದ ದಿನಕ್ಕೆ ಎರಡು ಲೀಟರ್ ಆವಿಯಾಗಿ, ಮೂರು ದಿನ ತುಂಬಿಸದೆ ಬಿಟ್ಟರೆ 35 ಪಿಪಿಟಿ (ಸಾವಿರದಲ್ಲಿ ಇಷ್ಟು ಭಾಗ ಉಪ್ಪು) ಇದ್ದದ್ದು 36.5ರ ಹತ್ತಿರ ಹೋಗುತ್ತದೆ. ಆಮೇಲೆ ಆರು ಲೀಟರ್ ಒಟ್ಟಿಗೆ ಸುರಿದರೆ ಒಂದೇ ಏಟಿಗೆ ಕೆಳಗಿಳಿಯುತ್ತದೆ. ಫ್ಲೋಟ್ ಸ್ವಿಚ್ ಇರುವ, ನೀರನ್ನು ತಾನೇ ತುಂಬಿಸುವ ಆಟೋ ಟಾಪ್-ಅಪ್ ಸಾಧನ ಹಾಕಿಸಿ, ಇಲ್ಲವೇ ದಿನವೂ ಕೈಯಿಂದ ತುಂಬಿಸಿ. ತುಂಬಿಸುವುದು ಉಪ್ಪುನೀರಲ್ಲ, ಟಿಡಿಎಸ್ (ಕರಗಿದ ಲವಣಗಳ ಪ್ರಮಾಣ) ಸೊನ್ನೆ ಇರುವ, ಸೋಸಿ ಶುದ್ಧಮಾಡಿದ ಆರ್‌ಓ-ಡಿಐ ನೀರು. ಉಪ್ಪು ಅಳೆಯುವ ರಿಫ್ರಾಕ್ಟೋಮೀಟರನ್ನು ಬರೀ ಆರ್‌ಓ ನೀರಿನಲ್ಲಿ ಸೊನ್ನೆಗೆ ತಂದು ನಂಬಬೇಡಿ, 35 ಪಿಪಿಟಿ ದ್ರಾವಣದಲ್ಲಿ ಸರಿಹೊಂದಿಸಿ.

ಉತ್ತರ 2

ನೀರಿನ ವಿಷಯ ಮೇಲೆ ಸರಿಯಾಗಿಯೇ ಬಂದಿದೆ. ಆದರೆ ನೀರು ಚೆನ್ನಾಗಿದ್ದೂ ಸಾಯುವ ಅನಿಮೋನ್‌ಗಳಲ್ಲಿ ಅನೇಕವು ಸಾಯುವುದು ವೇವ್‌ಮೇಕರಿಗೆ ಸಿಕ್ಕಿ. ಈ ಪ್ರಾಣಿ ನಡೆಯುತ್ತದೆ ಎಂಬುದನ್ನು ಮರೆಯಬಾರದು. ಜಾಗ ಹಿಡಿಸದಿದ್ದರೆ ಕಲ್ಲಿಗೆ ಅಂಟುವ ಬುಡವನ್ನು, ಅಂದರೆ ಪಾದವನ್ನು, ಜಾರಿಸುತ್ತಾ ಹೋಗುತ್ತದೆ, ಕೆಲವೊಮ್ಮೆ ಪಾದ ಬಿಟ್ಟು ನೀರಿನಲ್ಲಿ ತೇಲುತ್ತದೆ. ರಾತ್ರಿ ಪಂಪಿನ ತಿರುಗುವ ರೆಕ್ಕೆಗೆ ಸಿಕ್ಕಿ ಚೂರಾದರೆ ಬೆಳಗಾಗುವಷ್ಟರಲ್ಲಿ ಅಮೋನಿಯಾ ಏರಿ ಮೀನುಗಳೂ ಸಾಯಬಹುದು.

ಆದ್ದರಿಂದ ಅನಿಮೋನ್ ತರುವ ಮೊದಲೇ ವೇವ್‌ಮೇಕರಿಗೆ ಸ್ಪಂಜಿನ ಕವಚ ಹಾಕಿ. ಸ್ಪಂಜಿನಲ್ಲಿ ಕೊಳೆ ಕಟ್ಟಿದರೆ ಹರಿವು ಕುಗ್ಗುತ್ತದೆ, ಮೂರು ನಾಲ್ಕು ದಿನಕ್ಕೊಮ್ಮೆ ತೊಳೆಯಬೇಕು. ಓವರ್‌ಫ್ಲೋ ಬಾಯಿಗೆ ಜಾಲರಿ, ಹೀಟರಿಗೆ ತೂತಿರುವ ಪ್ಲಾಸ್ಟಿಕ್ ಕವಚ ಇರಲಿ; ಹೀಟರಿಗೆ ಅಂಟಿಕೊಂಡು ಸುಟ್ಟುಕೊಳ್ಳುತ್ತವೆ.

ಕಲ್ಲು ಜೋಡಿಸುವಾಗ ಆಳವಾದ ಸಂದು ಇರುವ ಒಂದು ತುಂಡನ್ನು ಬೇರೆ ಕಲ್ಲುಗಳಿಂದ ದೂರ, ಮರಳಿನ ನಡುವೆ ಇಡಿ. ಬಬಲ್ ಟಿಪ್ ಪಾದವನ್ನು ಸಂದಿನ ಒಳಗೆ ಕತ್ತಲಲ್ಲಿ ಇಟ್ಟು, ಎಳೆಗಳನ್ನು ಬೆಳಕಿಗೆ ಚಾಚುತ್ತದೆ. ಅಂಥ ಸಂದು ಸಿಕ್ಕರೆ ಅಲೆಯುವುದು ಬಹಳ ಕಡಿಮೆ. ಸುತ್ತ 15–20 ಸೆಂ.ಮೀ. ಹವಳ ಇಡಬೇಡಿ, ಎಳೆ ತಗುಲಿದರೆ ಕುಟುಕಿ ಸಾಯಿಸುತ್ತದೆ.

ಉತ್ತರ 3

ಆರಿಸುವಾಗ ಬಾಯಿ ನೋಡಿ. ಮುಚ್ಚಿಕೊಂಡಿದ್ದರೆ ಒಳ್ಳೆಯದು, ಅಗಲಕ್ಕೆ ತೆರೆದು ಒಳಗಿನದು ಹೊರಬಂದಿದ್ದರೆ ಬೇಡ. ಪಾದ ಹರಿದಿರಬಾರದು. ಅಪ್ಪಟ ಬಿಳಿ ಬಣ್ಣದ್ದು ಎಷ್ಟೇ ಚಂದ ಕಂಡರೂ ಪಾಚಿ ಕಳೆದುಕೊಂಡು ಹಸಿದಿರುವಂಥದು. ಕಡು ಹಳದಿ ಬಣ್ಣದವಕ್ಕೆ ಬಣ್ಣ ಹಾಕಿರುವುದೂ ಉಂಟು. ಸಾಧ್ಯವಾದರೆ ಟ್ಯಾಂಕಿನಲ್ಲೇ ಸೀಳಿ ಎರಡಾದ ಮರಿಯನ್ನು ಕೇಳಿ ತನ್ನಿ, ಸಮುದ್ರದಿಂದ ಹಿಡಿದದ್ದಕ್ಕಿಂತ ಸುಲಭವಾಗಿ ಒಗ್ಗುತ್ತದೆ.

ಚೀಲದ ನೀರಿಗೆ ಸಣ್ಣ ಕೊಳವೆಯಿಂದ ಟ್ಯಾಂಕಿನ ನೀರನ್ನು ಹನಿಹನಿಯಾಗಿ ಬಿಡಿ; 45 ನಿಮಿಷದಿಂದ ಒಂದು ಗಂಟೆಯಲ್ಲಿ ನೀರು ಮೂರು ಪಟ್ಟಾಗಲಿ. ಕೈಗವಸು ಹಾಕಿಕೊಂಡು ಪಾದ ಕೆಳಗಾಗಿ ಸಂದಿಗೆ ಇಳಿಸಿ. ಪಾದ ಅಂಟುವ ತನಕ, ಒಂದೆರಡು ಗಂಟೆ, ವೇವ್‌ಮೇಕರ್ ನಿಲ್ಲಿಸಿ. ಲೈಟ್ ಮೊದಲ ವಾರ ಅರ್ಧಕ್ಕೆ ಇಳಿಸಿ, ಆಮೇಲೆ ವಾರಕ್ಕೆ ಶೇ. 10ರಂತೆ ಏರಿಸಿ, ಕೊನೆಗೆ 150ರಿಂದ 250 ಪಾರ್ (ಪಾಚಿ ಆಹಾರ ತಯಾರಿಸಲು ಬಳಸಬಲ್ಲ ಬೆಳಕಿನ ಅಳತೆ) ಸಿಗಲಿ.

ಇಷ್ಟಾದ ಮೇಲೆ ಕೈ ಹಾಕಬೇಡಿ, ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ಮೊದಲ ಕೆಲವು ದಿನ ಅದು ಕುಗ್ಗುತ್ತದೆ, ಕಂದು ಲೋಳೆ ಉಗುಳುತ್ತದೆ, ಮತ್ತೆ ಉಬ್ಬುತ್ತದೆ. ಹಳೆಯ ನೀರು ಹೊರಹಾಕಿ ಹೊಸದನ್ನು ತುಂಬಿಕೊಳ್ಳುವ ರೀತಿ ಅದು. ಆದರೆ ಕೊಳೆತ ವಾಸನೆ ಬಂದು, ಮೈ ಕರಗಿ ಎಳೆ ಉದುರತೊಡಗಿದರೆ ಒಂದು ಗಂಟೆಯೂ ಕಾಯಬೇಡಿ. ಹೊರತೆಗೆದು, ಶೇ. 30 ನೀರು ಬದಲಿಸಿ, ಆಕ್ಟಿವೇಟೆಡ್ ಕಾರ್ಬನ್ ಹಾಕಿ.

ಕೇಳಿದವರಿಂದ

ತುಂಬಾ ಉಪಕಾರವಾಯಿತು, ತಡೆಯುತ್ತೇನೆ. ಊಟ ಏನು, ಎಷ್ಟು ಸಲ? ಕ್ಲೌನ್ ಮೀನು ಅದರೊಳಗೆ ಹೋಗಿ ಕೂರುವುದು ಖಂಡಿತವೇ?

ಉತ್ತರ 4

ಖಂಡಿತವಿಲ್ಲ. ಸಮುದ್ರದಲ್ಲಿ ಒಸೆಲ್ಲಾರಿಸ್ ಬಬಲ್ ಟಿಪ್‌ನಲ್ಲಿ ವಾಸಿಸುವುದಿಲ್ಲ. ಅದರ ಮನೆ ಮ್ಯಾಗ್ನಿಫಿಕಾ, ಜೈಗಾಂಟಿಯಾ, ಮೆರ್ಟೆನ್ಸಿ ಎಂಬ ಮೂರು ಜಾತಿಯ ಅನಿಮೋನ್. ಬಬಲ್ ಟಿಪ್‌ಗೆ ಹೋಗುವುದು ಮರೂನ್, ಕ್ಲಾರ್ಕಿ ಮುಂತಾದ ಕ್ಲೌನ್ ಮೀನುಗಳು. ಟ್ಯಾಂಕಿನಲ್ಲಿ ಒಸೆಲ್ಲಾರಿಸ್ ಕೂಡ ಅನೇಕ ಸಲ ಒಪ್ಪಿಕೊಳ್ಳುತ್ತದೆ, ಅದಕ್ಕೆ ದಿನಗಳೂ ಹಿಡಿಯಬಹುದು, ತಿಂಗಳುಗಳೂ ಹಿಡಿಯಬಹುದು. ಮೀನಿಗೆ ಬೇಕೆಂದು ಕಾರ್ಪೆಟ್ ಅನಿಮೋನ್ (ಜೈಗಾಂಟಿಯಾ, ಮೆರ್ಟೆನ್ಸಿ) ಅಥವಾ ಮ್ಯಾಗ್ನಿಫಿಕಾ ತರಬೇಡಿ. ಅವನ್ನು ಉಳಿಸಿಕೊಳ್ಳುವುದು ಬಹಳ ಕಷ್ಟ, 150 ಲೀಟರ್ ಅವಕ್ಕೆ ಸಾಲುವುದೂ ಇಲ್ಲ. ಕಾರ್ಪೆಟ್ ಬೇರೆ ಮೀನುಗಳನ್ನು ಹಿಡಿದು ನುಂಗುತ್ತದೆ.

ಅನಿಮೋನ್ 10 ಸೆಂ.ಮೀ.ಗಿಂತ ಚಿಕ್ಕದಿದ್ದು ಮೀನು ವಿಪರೀತ ಉಜ್ಜಾಡಿದರೆ ಅದು ಅರಳುವುದೇ ಇಲ್ಲ. ಆಗ ತೂತುಗಳಿರುವ ಪ್ಲಾಸ್ಟಿಕ್ ಬುಟ್ಟಿಯನ್ನು ಒಂದು ವಾರ ಅದರ ಮೇಲೆ ಕವುಚಿಡಿ.

ಊಟಕ್ಕೆ ಉಪ್ಪು ಮಸಾಲೆ ತಾಗದ ಹಸಿ ಸಿಗಡಿಯ 5–8 ಮಿ.ಮೀ. ತುಂಡು, ವಾರಕ್ಕೊಮ್ಮೆ, ಒಗ್ಗಿದ ಮೇಲೆ. ದೊಡ್ಡ ತುಂಡು ಕೊಟ್ಟರೆ ಅರಗದೆ ಮರುದಿನ ಉಗುಳುತ್ತದೆ, ಅದೇ ಕೊಳೆತು ನೀರು ಕೆಡುತ್ತದೆ.

ಉತ್ತರ 5

ಊಟದ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಬೆಳಕು ಸಾಕಷ್ಟಿದ್ದು ಮೀನಿಗೆ ಹಾಕುವ ಆಹಾರದ ಚೂರುಗಳು ಸಿಗುತ್ತಿದ್ದರೆ ಬೇರೆ ತಿನ್ನಿಸುವ ಅಗತ್ಯವೇ ಇಲ್ಲ. ಬಿಳಿಚಿದ ಅನಿಮೋನನ್ನು ಚೇತರಿಸಿಕೊಳ್ಳಿಸುವಾಗ ಮಾತ್ರ ವಾರಕ್ಕೆ ಎರಡು ಸಲ, ಅದೂ ಬಹಳ ಸಣ್ಣ ತುಂಡು.

ಮೀನಿಗೆ ರೋಗ ಬಂದರೆ ಈ ಟ್ಯಾಂಕಿಗೆ ತಾಮ್ರದ ಔಷಧಿ ಹಾಕಬೇಡಿ, ಅನಿಮೋನ್ ಉಳಿಯುವುದಿಲ್ಲ. ಮೀನನ್ನೇ ಬೇರೆ ಟ್ಯಾಂಕಿಗೆ ಸಾಗಿಸಿ.

ಜಾಗ ಬದಲಿಸಲೇಬೇಕಾಗಿ ಬಂದರೆ ಪಾದ ಹಿಡಿದು ಎಳೆಯಬೇಡಿ, ಹರಿದರೆ ಸೋಂಕು ತಗುಲಿ ಸಾಯುತ್ತದೆ. ಕಲ್ಲಿನ ಸಮೇತ ಸರಿಸಿ. ಆಗದಿದ್ದರೆ ಚಿಕ್ಕ ಪ್ಲಾಸ್ಟಿಕ್ ಚೀಲದಲ್ಲಿ ಮಂಜುಗಡ್ಡೆ ಕಟ್ಟಿ ಪಾದದ ಅಂಚಿಗೆ ತಾಗಿಸಿ ಹಿಡಿಯಿರಿ. ತಣ್ಣಗಾದಂತೆ ತಾನೇ ಸಡಿಲಿಸುತ್ತದೆ, ಆಗ ಬೆರಳಿನ ತುದಿಯಿಂದ ಮೆಲ್ಲಗೆ ಬಿಡಿಸಬಹುದು.